ಸ್ತೋತ್ರ, ಶಾಸನ, ಪುರಾಣಗಳನ್ನು ಓದುವ ಬಗೆ: ಜೈನ ಕಾವ್ಯದ ಛಂದಸ್ಸು ಮತ್ತು ಅಲಂಕಾರಗಳ ಪರಿಚಯ

ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ, ಅಂದರೆ ಚಿಕ್ಕಬೆಟ್ಟದಲ್ಲಿ, ನಂದಿಸೇನ ಮುನಿಗಳ ಸಮಾಧಿಮರಣವನ್ನು ತಿಳಿಸುವ ಒಂದು ಶಾಸನವಿದೆ. ಕಾಲ ಸುಮಾರು ಕ್ರಿ.ಶ. 700. ಇಡೀ ಶಾಸನ ನಾಲ್ಕು ಸಾಲಿನ ಒಂದೇ ಪದ್ಯ. ರೂಪ, ಭೋಗ, ಐಶ್ವರ್ಯಗಳು ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ಕಾಣಿಸಿಕೊಂಡು ಬೇಗನೆ ಮರೆಯಾಗುತ್ತವೆ, ಯಾರ ಬಳಿಯೂ ನಿಲ್ಲುವುದಿಲ್ಲ ಎಂದು ಅರಿತ ಮುನಿಗಳು ಸನ್ಯಸನ ಕೈಗೊಂಡು ದೇವಲೋಕಕ್ಕೆ ಸಂದರು ಎಂಬುದು ಅದರ ಸಾರ. ಹಳಗನ್ನಡದ ಪರಿಚಯ ತುಸುವಿದ್ದರೂ ಇಷ್ಟು ಅರ್ಥ ಸಿಗುತ್ತದೆ. ಆದರೆ ಆ ಪದ್ಯ ಮಹಾಸ್ರಗ್ಧರೆ ಎಂಬ ವೃತ್ತದಲ್ಲಿದೆ, ಪ್ರತಿ ಸಾಲಿಗೂ 22 ಅಕ್ಷರವಿದೆ, ನಾಲ್ಕೂ ಸಾಲಿನ ಎರಡನೆಯ ಅಕ್ಷರ ರಕಾರವೇ ಆಗಿದೆ, ಒಂದೇ ವಸ್ತುವಿಗೆ ಮೂರು ಹೋಲಿಕೆ ಕೊಡುವ ಮಾಲೋಪಮೆ ಅದರಲ್ಲಿದೆ ಎಂಬುದು ಗೊತ್ತಾದರೆ ಓದು ಬೇರೆಯೇ ಆಗುತ್ತದೆ. ಸುಮಾರು 1300 ವರ್ಷಗಳ ಹಿಂದೆಯೇ ಕನ್ನಡದಲ್ಲಿ ಇಷ್ಟು ಪಳಗಿದ ಕೈ ಇತ್ತು ಎಂಬುದಕ್ಕೆ ಆ ಪದ್ಯವೇ ಸಾಕ್ಷಿ.

ಪ್ರೌಢಶಾಲೆಯ ಕನ್ನಡ ವ್ಯಾಕರಣದಲ್ಲಿ ಛಂದಸ್ಸು, ಅಲಂಕಾರಗಳನ್ನು ಎಲ್ಲರೂ ಕಲಿತಿರುತ್ತಾರೆ. ಪರೀಕ್ಷೆ ಮುಗಿದ ಮೇಲೆ ಬಹುತೇಕರು ಮರೆತೂ ಇರುತ್ತಾರೆ. ಇತ್ತ ಮನೆಯಲ್ಲಿ ಭಕ್ತಾಮರ ಪಾರಾಯಣ, ಬಸದಿಯಲ್ಲಿ ಅಭಿಷೇಕ–ಪೂಜೆಯ ಪದ್ಯಗಳು, ಚಾತುರ್ಮಾಸದ ಸ್ವಾಧ್ಯಾಯದಲ್ಲಿ ಪುರಾಣವಾಚನ ನಡೆದೇ ಇರುತ್ತವೆ. ಕಲಿತ ವ್ಯಾಕರಣಕ್ಕೂ ನಿತ್ಯದ ಪಠಣಕ್ಕೂ ಸಂಬಂಧ ಕಲ್ಪಿಸುವವರು ವಿರಳ. ಪೂಜಾ ಪುಸ್ತಕವೊಂದರಲ್ಲಿ ದೀರ್ಘ ಬಿಟ್ಟುಹೋಗಿ ಹ್ರಸ್ವ ಅಚ್ಚಾದರೆ ಅದು ಮುಂದಿನ ಮುದ್ರಣಕ್ಕೂ ಹಾಗೆಯೇ ಹೋಗುತ್ತದೆ. ಮಕ್ಕಳು ಅದನ್ನೇ ಬಾಯಿಪಾಠ ಮಾಡುತ್ತಾರೆ. ಆ ತಪ್ಪನ್ನು ಹಿಡಿಯಲು ಸಂಸ್ಕೃತ ಪಂಡಿತರೇ ಬೇಕಾಗಿಲ್ಲ. ಪದ್ಯದ ಕಟ್ಟು ಗೊತ್ತಿದ್ದರೆ ಎಷ್ಟೋ ತಪ್ಪುಗಳನ್ನು ಮನೆಯವರೇ ಹಿಡಿಯಬಹುದು. ಈ ಬರಹ ಆ ಕಟ್ಟಿನ ಪರಿಚಯ.

ಗುರು, ಲಘು, ಗಣ

ಹ್ರಸ್ವಾಕ್ಷರ ಲಘು, ಅದನ್ನು ಹೇಳಲು ಹಿಡಿಯುವ ಕಾಲ ಒಂದು ಮಾತ್ರೆ. ದೀರ್ಘಾಕ್ಷರ ಗುರು, ಎರಡು ಮಾತ್ರೆ. ಅನುಸ್ವಾರ ಅಥವಾ ವಿಸರ್ಗ ಸೇರಿದ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಮುಂದೆ ಅರ್ಧಾಕ್ಷರವಿರುವ ಅಕ್ಷರ – ಇವು ಹ್ರಸ್ವವಾಗಿದ್ದರೂ ಗುರುವೇ. ಎಣಿಸುವಾಗ ಒತ್ತಕ್ಷರವನ್ನು ಒಂದೇ ಅಕ್ಷರವಾಗಿ ಹಿಡಿಯಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಮೂರು ಮೂರು ಅಕ್ಷರಗಳ ಗುಂಪು ಅಕ್ಷರಗಣ. ಇಂಥವು ಎಂಟು. ಶಾಲೆಯಲ್ಲಿ ಕಲಿಸುವ ‘ಯಮಾತಾರಾಜಭಾನಸಲಗಂ’ ಸೂತ್ರ ಇವುಗಳದೇ ಪಟ್ಟಿ: ಯ ಗಣ ಬೇಕಿದ್ದರೆ ‘ಯಮಾತಾ’ ಎಂಬಲ್ಲಿನ ಲಘು–ಗುರು–ಗುರು ನೋಡಿಕೊಳ್ಳುವುದು, ಮ ಗಣಕ್ಕೆ ‘ಮಾತಾರಾ’, ಹೀಗೆ. ಸೂತ್ರ ನೆನಪಿರದಿದ್ದರೆ ನಮ್ಮ ಮನೆಗಳಲ್ಲಿ ದಿನವೂ ಕೇಳುವ ಪದಗಳನ್ನೇ ಇಟ್ಟುಕೊಳ್ಳಬಹುದು. ಬಸದಿ ಎಂಬುದು ಮೂರೂ ಲಘು, ನ ಗಣ. ವೈರಾಗ್ಯಂ ಮೂರೂ ಗುರು, ಮ ಗಣ. ಶ್ರಾವಕ ಭ ಗಣ, ಅಹಿಂಸಾ ಯ ಗಣ, ಜಿನೇಂದ್ರ ಜ ಗಣ, ಸಾಧನಾ ರ ಗಣ, ಕರುಣಾ ಸ ಗಣ, ಸಮ್ಯಕ್ತ್ವ ತ ಗಣ. ಒಂದೊಂದನ್ನೂ ಬಾಯಲ್ಲಿ ಹೇಳಿ ನೋಡಿದರೆ ಎಲ್ಲಿ ಎಳೆಯುತ್ತೇವೆ, ಎಲ್ಲಿ ಹಗುರಾಗಿ ದಾಟುತ್ತೇವೆ ಎಂಬುದು ಕಿವಿಗೇ ತಿಳಿಯುತ್ತದೆ.

ಹಳಗನ್ನಡ ಓದುವವರಿಗೆ ಇನ್ನೊಂದು ಮಾತು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬ ನಿಯಮಕ್ಕೆ ಕನ್ನಡದಲ್ಲಿ ಅಪವಾದವುಂಟು. ‘ಅಮರ್ದು’, ‘ಎರ್ದೆ’ಯಂಥ ಕೆಲವು ಪದಗಳಲ್ಲಿ ಒತ್ತನ್ನು ತೇಲಿಸಿ ಹೇಳುತ್ತಿದ್ದರು, ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತಿತ್ತು. ಇದಕ್ಕೆ ಶಿಥಿಲದ್ವಿತ್ವ ಎಂದು ಹೆಸರು. ಜನ್ನನ ಸೋದರಳಿಯ, ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ ಮಲ್ಲಿಕಾರ್ಜುನನ ಮಗ ಕೇಶಿರಾಜ 13ನೆಯ ಶತಮಾನದಲ್ಲಿ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಈ ಶಿಥಿಲವನ್ನು ಚರ್ಚಿಸಿದ್ದಾನೆ. ಪ್ರಸ್ತಾರ ಹಾಕುವಾಗ ಲೆಕ್ಕ ಒಂದು ಮಾತ್ರೆ ಹೆಚ್ಚು ಬಂದರೆ ಕವಿಯನ್ನು ಸಂಶಯಿಸುವ ಮೊದಲು ಶಿಥಿಲದ್ವಿತ್ವವಿದೆಯೇ ಎಂದು ನೋಡಬೇಕು.

ಭಕ್ತಾಮರದ ಹದಿನಾಲ್ಕು ಅಕ್ಷರ

ಮಾನತುಂಗಾಚಾರ್ಯರ ಭಕ್ತಾಮರ ಸ್ತೋತ್ರ ವಸಂತತಿಲಕ ವೃತ್ತದಲ್ಲಿದೆ. ಸಾಲಿಗೆ 14 ಅಕ್ಷರ. ತ, ಭ, ಜ, ಜ ಗಣಗಳಾದ ಮೇಲೆ ಎರಡು ಗುರು. ದಿಗಂಬರ ಪರಂಪರೆಯಲ್ಲಿ 48 ಪದ್ಯಗಳು, ಶ್ವೇತಾಂಬರ ಪರಂಪರೆಯಲ್ಲಿ 44. 48 ಪದ್ಯ ಎಂದರೆ 192 ಸಾಲು, ಒಟ್ಟು 2688 ಅಕ್ಷರ. ಕಲ್ಯಾಣಮಂದಿರ ಸ್ತೋತ್ರವೂ, ಕೊನೆಯ ಪದ್ಯ ಬಿಟ್ಟರೆ, ಇದೇ ವೃತ್ತದಲ್ಲಿದೆ. ಒಂದರ ಧಾಟಿ ಬಂದವರಿಗೆ ಇನ್ನೊಂದು ಸುಲಭವಾಗಿ ಬರುವುದು ಇದೇ ಕಾರಣಕ್ಕೆ.

ಈ ಲೆಕ್ಕದಿಂದ ಆಗುವ ಉಪಯೋಗ ನೇರವಾದದ್ದು. ಕೈಯಲ್ಲಿರುವ ಪುಸ್ತಕದ ಯಾವುದಾದರೂ ಸಾಲಿನಲ್ಲಿ 13 ಅಥವಾ 15 ಅಕ್ಷರ ಬಂದರೆ ಅಲ್ಲಿ ಅಚ್ಚಿನ ದೋಷವಿದೆ. ಅಕ್ಷರ 14 ಇದ್ದೂ ನಾಲ್ಕನೆಯದು ಲಘುವಾಗಿ ಕಂಡರೆ ಎಲ್ಲೋ ದೀರ್ಘವೋ ಒತ್ತೋ ಬಿಟ್ಟುಹೋಗಿದೆ. ಎರಡು ಮುದ್ರಣಗಳಲ್ಲಿ ಪಾಠಭೇದವಿದ್ದಾಗ ಯಾವುದು ವೃತ್ತಕ್ಕೆ ಹೊಂದುತ್ತದೆ ಎಂಬುದು ಮೊದಲ ಪರೀಕ್ಷೆ. ಎರಡೂ ಹೊಂದಿದರೆ ಮಾತ್ರ ಅರ್ಥದ ಚರ್ಚೆ.

ಪಠಿಸುವಾಗಲೂ ಇದು ನೆರವಾಗುತ್ತದೆ. ಸ್ತೋತ್ರಕ್ಕೆ ಹೆಸರು ಕೊಟ್ಟ ಮೊದಲ ಪದವನ್ನೇ ತೆಗೆದುಕೊಳ್ಳೋಣ. ‘ಭಕ್ತಾಮರ’ ಎಂದು ಬಿಡಿಯಾಗಿ ಹೇಳಿದರೆ ಕೊನೆಯ ‘ರ’ ಲಘು. ಪದ್ಯದಲ್ಲಿ ಅದರ ಮುಂದೆ ‘ಪ್ರ’ ಬರುತ್ತದೆ. ಹಾಗಾಗಿ ‘ರ’ ಗುರುವಾಗಿ ಭ ಗಣದ ಮೊದಲ ಅಕ್ಷರವಾಗುತ್ತದೆ. ಅಲ್ಲಿ ಉಸಿರು ನಿಲ್ಲಿಸಿ ಮುಂದಿನ ಪದವನ್ನು ಬೇರೆಯಾಗಿ ಎತ್ತಿಕೊಂಡರೆ ಗುರು ಸಡಿಲವಾಗಿ ಲಯ ಕುಂಟುತ್ತದೆ, ಸಮಾಸವೂ ಒಡೆಯುತ್ತದೆ. ಹಿರಿಯರು ಆ ಎರಡು ಪದಗಳನ್ನು ಬಿಡದೆ ಸೇರಿಸಿ ಹೇಳಿಸುತ್ತಿದ್ದುದರ ಹಿಂದೆ ಈ ಲೆಕ್ಕವಿದೆ.

ಆರು ವೃತ್ತ, ಮೂರು ಜೋಡಿ

ಚಂಪೂ ಕಾವ್ಯಗಳಲ್ಲಿ, ಅಂದರೆ ಗದ್ಯ–ಪದ್ಯ ಬೆರೆತ ಪಂಪನ ‘ಆದಿಪುರಾಣ’ (941), ರನ್ನನ ‘ಅಜಿತಪುರಾಣ’ (993) ಮೊದಲಾದವುಗಳಲ್ಲಿ, ಮತ್ತೆ ಮತ್ತೆ ಎದುರಾಗುವ ಆರು ವೃತ್ತಗಳಿವೆ. ಇವುಗಳಿಗೆ ಖ್ಯಾತಕರ್ಣಾಟಕ ವೃತ್ತಗಳೆಂದೇ ಹೆಸರು. ಆರರ ಗಣವನ್ನೂ ಉರು ಹೊಡೆಯುವುದು ವಿದ್ಯಾರ್ಥಿಗಳಿಗೆ ಪೀಡೆ. ಆದರೆ ಇವು ನಿಜವಾಗಿ ಮೂರೇ. ಉತ್ಪಲಮಾಲೆಯ (20 ಅಕ್ಷರ) ಮೊದಲ ಗುರುವನ್ನು ಒಡೆದು ಎರಡು ಲಘು ಮಾಡಿದರೆ ಚಂಪಕಮಾಲೆ (21). ಶಾರ್ದೂಲವಿಕ್ರೀಡಿತದ (19) ಮೊದಲ ಗುರುವನ್ನು ಹಾಗೆಯೇ ಒಡೆದರೆ ಮತ್ತೇಭವಿಕ್ರೀಡಿತ (20). ಸ್ರಗ್ಧರೆ (21) ಒಡೆದರೆ ಮಹಾಸ್ರಗ್ಧರೆ (22). ಉಳಿದ ನಡಿಗೆಯಲ್ಲಿ ಒಂದಿನಿತೂ ವ್ಯತ್ಯಾಸವಿಲ್ಲ. ಗಣ ವಿಭಾಗ ಮಾಡಿ ಬರೆದಾಗ ಪೂರ್ತಿ ಬೇರೆಯಂತೆ ಕಾಣುತ್ತವೆ, ಅಷ್ಟೆ.

ಶಾರ್ದೂಲದ ಗಣಗಳು ಮ, ಸ, ಜ, ಸ, ತ, ತ ಮತ್ತು ಒಂದು ಗುರು. ಉತ್ಪಲಮಾಲೆಯವು ಭ, ರ, ನ, ಭ, ಭ, ರ, ಆಮೇಲೆ ಲಘು, ಗುರು. ಸ್ರಗ್ಧರೆಯವು ಮ, ರ, ಭ, ನ, ಯ, ಯ, ಯ. ಈ ಮೂರು ಗೊತ್ತಿದ್ದರೆ ಸಾಕು.

ಇದರ ಬಳಕೆಗೆ ಸೊಗಸಾದ ನಿದರ್ಶನ ಮೂಡುಬಿದಿರೆಯ ರತ್ನಾಕರವರ್ಣಿಯ ಶತಕಗಳು. ಶತಕದಲ್ಲಿ ಪ್ರತಿ ಪದ್ಯವೂ ಒಂದೇ ಸಂಬೋಧನೆಯಿಂದ ಮುಗಿಯುತ್ತದೆ; ಅದು ಅಂಕಿತ. ‘ರತ್ನಾಕರಶತಕ’ದ ಅಂಕಿತ ‘ರತ್ನಾಕರಾಧೀಶ್ವರಾ’. ಏಳು ಅಕ್ಷರದ ಈ ಪದದ ನಡಿಗೆ ಗುರು, ಗುರು, ಲಘು, ಗುರು, ಗುರು, ಲಘು, ಗುರು. ಶಾರ್ದೂಲ ಮತ್ತು ಮತ್ತೇಭದ ಕೊನೆಯ ಏಳು ಅಕ್ಷರ ಸರಿಯಾಗಿ ಇದೇ. ‘ಅಪರಾಜಿತೇಶ್ವರಾ’ ಎಂಬ ಇನ್ನೊಂದು ಶತಕದ ಅಂಕಿತ ಲಘು, ಲಘು, ಗುರು, ಲಘು, ಗುರು, ಲಘು, ಗುರು. ಇದು ಉತ್ಪಲ–ಚಂಪಕ ಜೋಡಿಯ ಕೊನೆಗೆ ಹೊಂದುತ್ತದೆ, ಶಾರ್ದೂಲಕ್ಕೆ ಹೊಂದದು. ಭಗವಂತನನ್ನು ಯಾವ ಹೆಸರಿನಿಂದ ಕರೆಯುವುದೆಂದು ಕವಿ ನಿಶ್ಚಯಿಸಿದಾಗಲೇ ಇಡೀ ಶತಕದ ನಡೆ ನಿಶ್ಚಯವಾಗಿಬಿಟ್ಟಿತು.

ಕಂದ, ರಗಳೆ, ಸಾಂಗತ್ಯ

ವೃತ್ತಗಳಲ್ಲಿ ಅಕ್ಷರದ ಲೆಕ್ಕವಾದರೆ ಕಂದದಲ್ಲಿ ಮಾತ್ರೆಯ ಲೆಕ್ಕ. ನಾಲ್ಕು ಸಾಲು, 12, 20, 12, 20 ಮಾತ್ರೆ, ನಾಲ್ಕು ಮಾತ್ರೆಯ ಗಣಗಳಾಗಿ ಹೇಳುವುದಾದರೆ 3, 5, 3, 5. ಮೊದಲೆರಡು ಸಾಲು ಸೇರಿ ಎಂಟು ಗಣದ ಒಂದು ಅರ್ಧ. ಪ್ರತಿ ಅರ್ಧದಲ್ಲೂ ಬೆಸ ಸ್ಥಾನದಲ್ಲಿ ಜ ಗಣ ಬರಬಾರದು. ಆರನೆಯ ಗಣ ಮಾತ್ರ ಜ ಗಣವಾಗಿರಬೇಕು ಇಲ್ಲವೇ ನಾಲ್ಕೂ ಲಘುವಿರಬೇಕು. ಅರ್ಧದ ಕೊನೆಯಲ್ಲಿ ಗುರುವಿರಬೇಕು. ಕೇಳಲು ಕಟ್ಟುನಿಟ್ಟು. ಆದರೆ ಆ ಆರನೆಯ ಗಣದ ತಿರುವೇ ಕಂದಕ್ಕೆ ಅದರ ಬಳುಕು ಕೊಡುವುದು. ಜನ್ನ 1209ರಲ್ಲಿ ಮುಗಿಸಿದ ‘ಯಶೋಧರಚರಿತೆ’ ಬಹುಪಾಲು ಕಂದಗಳಲ್ಲೇ ನಡೆಯುತ್ತದೆ. ಮಾರಿಯ ಗುಡಿ, ಬಲಿಗೆ ತಂದ ಇಬ್ಬರು ಎಳೆಯರು, ಜನ್ಮಜನ್ಮಗಳ ಕಥೆ – ಇಷ್ಟು ಭಾರದ ವಸ್ತುವನ್ನು ಆತ ಆ ಪುಟ್ಟ ಪದ್ಯದಲ್ಲಿ ಮಾತಿನ ಸಹಜತೆಗೆ ತಂದಿದ್ದಾನೆ. ವರ್ಣನೆಗೆ ವೃತ್ತ, ಕಥೆಗೆ ಕಂದ ಎಂಬ ಹಳೆಯ ರೂಢಿಯ ಬಲ ಅಲ್ಲಿ ಗೊತ್ತಾಗುತ್ತದೆ.

ರಗಳೆಗೆ ಸಾಲುಗಳ ಮಿತಿಯಿಲ್ಲ. ಮೂರು ಮಾತ್ರೆಯ ಗಣಗಳಲ್ಲಿ ನಡೆದರೆ ಉತ್ಸಾಹ, ನಾಲ್ಕರಲ್ಲಿ ಮಂದಾನಿಲ, ಐದರಲ್ಲಿ ಲಲಿತ. ಎರಡೆರಡು ಸಾಲಿಗೆ ಪ್ರಾಸ. ಇದರ ಬೇರನ್ನು ವಿದ್ವಾಂಸರು ಪ್ರಾಕೃತ–ಅಪಭ್ರಂಶದ ಪದ್ಧಡಿ ಛಂದಸ್ಸಿನಲ್ಲಿ ಗುರುತಿಸುತ್ತಾರೆ. ಅದನ್ನು ಮೆರೆಸಿದವರು ಜೈನ ಕವಿಗಳು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದಲ್ಲಿ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಪುಷ್ಪದಂತ ತನ್ನ ಅಪಭ್ರಂಶ ‘ಮಹಾಪುರಾಣ’ವನ್ನು 965ರಲ್ಲಿ ಪೂರ್ಣಗೊಳಿಸಿದ. ಕನ್ನಡದ ಪಂಪ, ಪೊನ್ನರ ಕಾಲವೂ ಅದೇ ಶತಮಾನ. ಸಾಲಿನ ಕೊನೆಯಲ್ಲಿ ಪ್ರಾಸ ತರುವ ಅಭ್ಯಾಸ ಆ ಭಾಷೆಗಳ ಕಾವ್ಯದಲ್ಲಿ ಬೇರೂರಿತ್ತು. ಕನ್ನಡದ ಸ್ವಂತ ಅಭ್ಯಾಸ ಬೇರೆ. ಅದನ್ನು ಮುಂದೆ ನೋಡೋಣ.

ಸಾಂಗತ್ಯ ಹಾಡಿಕೊಂಡು ಓದುವ ಛಂದಸ್ಸು. ಇದರ ಅಳತೆ ಅಕ್ಷರವೂ ಅಲ್ಲ, ಮಾತ್ರೆಯೂ ಅಲ್ಲ, ಅಂಶ. ಎರಡು ಅಂಶದ್ದು ಬ್ರಹ್ಮಗಣ, ಮೂರರದು ವಿಷ್ಣುಗಣ, ನಾಲ್ಕರದು ರುದ್ರಗಣ. ಮೊದಲ ಅಂಶಕ್ಕೆ ಒಂದು ಗುರು ಅಥವಾ ಎರಡು ಲಘು. ಮುಂದಿನ ಅಂಶಗಳಿಗೆ ಲಘುವಾದರೂ ಸೈ, ಗುರುವಾದರೂ ಸೈ. ಈ ಸಡಿಲಿಕೆಯಿಂದಾಗಿ ಹಾಡುವವರು ಎಳೆದು, ಮೊಟಕಿಸಿ ತಾಳಕ್ಕೆ ಹೊಂದಿಸಿಕೊಳ್ಳುತ್ತಾರೆ. ಸಾಂಗತ್ಯದ ಒಂದು ಮತ್ತು ಮೂರನೆಯ ಸಾಲಿನಲ್ಲಿ ನಾಲ್ಕು ವಿಷ್ಣುಗಣ. ಎರಡು ಮತ್ತು ನಾಲ್ಕನೆಯದರಲ್ಲಿ ಎರಡು ವಿಷ್ಣು, ಒಂದು ಬ್ರಹ್ಮ. ರತ್ನಾಕರವರ್ಣಿ 1557ರಲ್ಲಿ ಬರೆದ ‘ಭರತೇಶವೈಭವ’ ಹತ್ತು ಸಾವಿರದಷ್ಟು ಸಾಂಗತ್ಯ ಪದ್ಯಗಳ ಕಾವ್ಯ. ಅದನ್ನು ಪುಸ್ತಕ ಹಿಡಿದು ಮೌನವಾಗಿ ಓದುವವರಿಗೆ ಸಾಲುಗಳು ಅಲ್ಲಲ್ಲಿ ಉದ್ದ–ಗಿಡ್ಡವಾಗಿ ತೋರುತ್ತವೆ. ದೋಷ ಕಾವ್ಯದ್ದಲ್ಲ, ಬಾಯಿ ತೆರೆದು ಹಾಡಿದರೆ ಸರಿಯಾಗುತ್ತದೆ.

ಎರಡನೆಯ ಅಕ್ಷರದ ಕಾವಲು

ಕನ್ನಡ ಪದ್ಯದ ಪ್ರಾಸ ಇರುವುದು ಸಾಲಿನ ಕೊನೆಯಲ್ಲಲ್ಲ, ಎರಡನೆಯ ಅಕ್ಷರದಲ್ಲಿ. ನಾಲ್ಕು ಸಾಲುಗಳು ‘ಕಮಲ’, ‘ವಿಮಲ’, ‘ಸುಮತಿ’, ‘ನಮಿಸಿ’ ಎಂಬ ಪದಗಳಿಂದ ಆರಂಭವಾದರೆ ಮಕಾರವೇ ಪ್ರಾಸಾಕ್ಷರ. ವ್ಯಂಜನ ಒಂದೇ ಇರಬೇಕು. ಅದರ ಮೇಲಿನ ಸ್ವರ ಬದಲಾಗಬಹುದು. ಆದರೆ ಅದರ ಹಿಂದಿನ ಅಕ್ಷರ ಹ್ರಸ್ವವೋ ದೀರ್ಘವೋ ಎಂಬುದು ನಾಲ್ಕೂ ಸಾಲಿನಲ್ಲಿ ಒಂದೇ ತೆರನಾಗಿರಬೇಕು. ಸಂಸ್ಕೃತ ಕಾವ್ಯದಲ್ಲಿ ಯತಿಗೆ, ಅಂದರೆ ಉಸಿರು ನಿಲ್ಲಿಸುವ ತಾಣಕ್ಕೆ, ಇರುವ ಕಟ್ಟುನಿಟ್ಟನ್ನು ಕನ್ನಡ ಕವಿಗಳು ಪ್ರಾಸಕ್ಕೆ ಕೊಟ್ಟರು. ಯತಿಯನ್ನು ಧಾರಾಳವಾಗಿ ದಾಟಿದರು.

ಹಿಂದಿನ ಅಕ್ಷರದ ಸ್ವರೂಪ ನೋಡಿ ಪ್ರಾಸವನ್ನು ಆರು ಬಗೆ ಮಾಡಿ, ಒಂದೊಂದಕ್ಕೂ ಪ್ರಾಣಿಯ ಹೆಸರಿಟ್ಟಿದ್ದಾರೆ. ಹಿಂದೆ ಹ್ರಸ್ವವಿದ್ದರೆ ಸಿಂಹಪ್ರಾಸ, ದೀರ್ಘವಿದ್ದರೆ ಗಜಪ್ರಾಸ. ‘ಗಂಧ’, ‘ಸಿಂಧು’ಗಳಂತೆ ಅನುಸ್ವಾರವಿದ್ದರೆ ವೃಷಭ. ‘ಬೆಟ್ಟ’, ‘ಮುಟ್ಟಿ’ಗಳಂತೆ ಸಜಾತೀಯ ಒತ್ತಿದ್ದರೆ ಹಯ, ‘ಪದ್ಮ’ದಂತೆ ವಿಜಾತೀಯ ಒತ್ತಿದ್ದರೆ ಶರಭ. ವಿಸರ್ಗವಿದ್ದರೆ ಅಜ, ಕನ್ನಡ ಪದಗಳಲ್ಲಿ ವಿಸರ್ಗವೇ ಅಪರೂಪವಾದ್ದರಿಂದ ಇದು ಸಿಗುವುದೂ ಅಪರೂಪ. ನಾಗವರ್ಮನ ‘ಛಂದೋಂಬುಧಿ’ ಈ ವಿಷಯಗಳಿಗೆ ಮೂಲ ಗ್ರಂಥ. ನಂದಿಸೇನ ಮುನಿಗಳ ಶಾಸನದಲ್ಲಿ ನಾಲ್ಕೂ ಕಡೆ ರಕಾರದ ಹಿಂದೆ ಹ್ರಸ್ವವೇ ಇದೆ: ಸಿಂಹಪ್ರಾಸ.

ಪ್ರಾಸ ಕಿವಿಗೆ ಇಂಪು ಎಂಬುದು ಒಂದು ಮಾತು. ಇನ್ನೊಂದು ಮಾತನ್ನು ಕೃತಜ್ಞತೆಯಿಂದ ಹೇಳಬೇಕು: ನಮ್ಮ ಗ್ರಂಥಗಳನ್ನು ಅದು ಕಾಪಾಡಿದೆ. ಹಳಗನ್ನಡದಲ್ಲಿ ರ ಮತ್ತು ಱ ಬೇರೆ, ಳ ಮತ್ತು ೞ ಬೇರೆ. ಮಳೆಯನ್ನು ‘ಮೞೆ’ ಎಂದು ಬರೆಯುತ್ತಿದ್ದರು. ಅದಕ್ಕೆ ‘ಗಿಳಿ’ಯೊಡನೆ ಪ್ರಾಸ ಕೂಡದು. ಕಾಲಕ್ರಮದಲ್ಲಿ ಉಚ್ಚಾರಣೆಯಿಂದ ಈ ಅಕ್ಷರಗಳು ಅಳಿದಾಗ ತಾಳೆಗರಿ ಪ್ರತಿ ಮಾಡುವವರು ಎಲ್ಲಕ್ಕೂ ರ, ಳ ಎಂದೇ ಬರೆದರು. ಮೂಲದಲ್ಲಿ ಯಾವ ಅಕ್ಷರವಿತ್ತು ಎಂದು ತಿಳಿಯಲು ಸಂಪಾದಕರಿಗೆ ಪ್ರಾಸಸ್ಥಾನ ದೊಡ್ಡ ಆಧಾರವಾಯಿತು. ಒಂದು ಸಾಲಿನಲ್ಲಿ ೞಕಾರ ಖಚಿತವಿದ್ದರೆ ಉಳಿದ ಮೂರರಲ್ಲೂ ಅದೇ. ಯಾವ ಕವಿ ಈ ಭೇದವನ್ನು ಪಾಲಿಸಿದ್ದಾನೆ, ಯಾವ ಕವಿ ಬೆರೆಸಿದ್ದಾನೆ ಎಂಬುದರಿಂದ ಭಾಷೆ ಯಾವಾಗ ಬದಲಾಯಿತೆಂಬ ಸುಳಿವೂ ದೊರೆಯುತ್ತದೆ.

ಪದ್ಯದ ಒಳಗೆ ವ್ಯಂಜನಗಳು ಮರುಕಳಿಸಿದರೆ ಅನುಪ್ರಾಸ. ಅದೇ ಅಕ್ಷರಗುಂಪು ಬೇರೆ ಅರ್ಥದಲ್ಲಿ ಮರಳಿ ಬಂದರೆ ಯಮಕ. ‘ಅರಸಿ ಅರಸಿ ಬಂದಳು’ ಎಂದರೆ ರಾಣಿ ಹುಡುಕಿಕೊಂಡು ಬಂದಳು. ಇವೆರಡೂ ಶಬ್ದಾಲಂಕಾರಗಳು. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ರಚಿಸಿದ ‘ಕವಿರಾಜಮಾರ್ಗ’ದ ಎರಡನೆಯ ಪರಿಚ್ಛೇದ ಶಬ್ದಾಲಂಕಾರಕ್ಕೆ, ಮೂರನೆಯದು ಅರ್ಥಾಲಂಕಾರಕ್ಕೆ ಮೀಸಲು.

ಹೋಲಿಕೆ ಏನು ಮಾಡುತ್ತದೆ

ಅರ್ಥಾಲಂಕಾರಗಳ ತಾಯಿ ಉಪಮೆ. ಅದಕ್ಕೆ ನಾಲ್ಕು ಅಂಗ: ವರ್ಣಿಸುವ ವಸ್ತು ಉಪಮೇಯ, ಹೋಲಿಸಿದ ವಸ್ತು ಉಪಮಾನ, ಎರಡಕ್ಕೂ ಸಮಾನವಾದ ಧರ್ಮ, ‘ಅಂತೆ’, ‘ಹಾಗೆ’ ಎಂಬ ವಾಚಕಪದ. ಚಂದ್ರಗಿರಿಯ ಶಾಸನದಲ್ಲಿ ಐಶ್ವರ್ಯಾದಿಗಳು ಉಪಮೇಯ. ಕಾಮನಬಿಲ್ಲು, ಮಿಂಚು, ಮಂಜು ಉಪಮಾನ. ತೋರಿ ಬೇಗ ಮರೆಯಾಗುವುದು ಸಮಾನಧರ್ಮ. ಹಳಗನ್ನಡದ ‘ವೋಲ್’ ವಾಚಕ. ಮೂರು ಉಪಮಾನಗಳೂ ನೋಡುವುದಕ್ಕೆ ಚೆಂದವಾದವು ಎಂಬುದನ್ನು ಗಮನಿಸಬೇಕು. ಹೊಲಸಾದ ವಸ್ತುವಿಗೆ ಹೋಲಿಸಿ ಸಂಸಾರವನ್ನು ಹಳಿಯುವುದು ಸುಲಭವಿತ್ತು. ಕವಿ ಹಾಗೆ ಮಾಡಲಿಲ್ಲ. ಚೆಂದವಿದೆ, ಆದರೆ ನಿಲ್ಲುವುದಿಲ್ಲ ಎಂದ. ಅನಿತ್ಯಾನುಪ್ರೇಕ್ಷೆ ಎಂದರೆ ಇದೇ ತಾನೆ? ಪಂಪನ ಆದಿಪುರಾಣದಲ್ಲಿ ನೀಲಾಂಜನೆ ನರ್ತಿಸುತ್ತಿರುವಾಗಲೇ ಆಯುಷ್ಯ ತೀರಿ ಮರೆಯಾಗುವ ಪ್ರಸಂಗ ಈ ಹೋಲಿಕೆಯನ್ನೇ ಘಟನೆಯನ್ನಾಗಿ ಮಾಡಿದಂತಿದೆ. ರಸಭಂಗವಾಗದಂತೆ ಇಂದ್ರ ಮತ್ತೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆಗೆ ತಿಳಿಯುವುದಿಲ್ಲ, ಆದಿದೇವನಿಗೆ ತಿಳಿಯುತ್ತದೆ.

ಹೋಲಿಸದೆ ಎರಡೂ ಒಂದೇ ಎಂದರೆ ರೂಪಕ. ‘ಸಂಸಾರಸಾಗರ’, ‘ಕಷಾಯಾಗ್ನಿ’ ರೂಪಕಗಳು. ಇಲ್ಲಿ ಜೈನ ಓದುಗರು ಒಂದು ಎಚ್ಚರ ವಹಿಸಬೇಕು. ‘ಕರ್ಮರಜ’ ಎಂಬ ಪದ ಸ್ತೋತ್ರಗಳಲ್ಲಿ ಪದೇ ಪದೇ ಬರುತ್ತದೆ. ಬೇರೆ ದರ್ಶನದವರು ಇದನ್ನು ಓದಿದರೆ ಕರ್ಮವೆಂಬ ಧೂಳು ಎಂದು ರೂಪಕವಾಗಿ ತಿಳಿದಾರು. ಜೈನ ಸಿದ್ಧಾಂತದಲ್ಲಿ ಕರ್ಮ ಪುದ್ಗಲ. ಆತ್ಮಪ್ರದೇಶಕ್ಕೆ ಬಂದು ಅಂಟುವ ಸೂಕ್ಷ್ಮ ದ್ರವ್ಯ. ಆದ್ದರಿಂದ ಅಲ್ಲಿ ಕವಿ ಅಲಂಕಾರಕ್ಕಿಂತ ಹೆಚ್ಚಾಗಿ ತ\u200cತ್ತ್ವವನ್ನೇ ನುಡಿಯುತ್ತಿದ್ದಾನೆ. ಎಲ್ಲಿ ರೂಪಕ, ಎಲ್ಲಿ ಸಿದ್ಧಾಂತ ಎಂದು ಬೇರ್ಪಡಿಸದೆ ಅರ್ಥ ಹೇಳಿದರೆ ಆಸ್ರವ–ಬಂಧಗಳ ಪಾಠವೇ ಸಡಿಲವಾಗುತ್ತದೆ. ಜನ್ನನ ಕಥೆಯಲ್ಲಿ ಯಶೋಧರ ಕೊಲ್ಲುವುದು ಹಿಟ್ಟಿನ ಕೋಳಿಯನ್ನು. ಅದು ಕೋಳಿಯ ಪ್ರತಿರೂಪ ಮಾತ್ರ. ಆದರೆ ಕೊಲ್ಲುವ ಸಂಕಲ್ಪ ಪ್ರತಿರೂಪವಾಗಿರಲಿಲ್ಲ. ಅದರ ಫಲವಾಗಿ ತಾಯಿ–ಮಗ ತಿರ್ಯಂಚ ಜನ್ಮಗಳಲ್ಲಿ ತೊಳಲುತ್ತಾರೆ.

ಭಕ್ತಾಮರ ಅಲಂಕಾರಗಳ ಒಂದು ಪಾಠಶಾಲೆಯೇ ಸರಿ. ಆರಂಭದ ಪದ್ಯಗಳಲ್ಲಿ ಕವಿ ತನ್ನ ಅಶಕ್ತಿಯನ್ನು ಹೇಳಿಕೊಳ್ಳುತ್ತಾನೆ. ನೀರಿನಲ್ಲಿ ಕಂಡ ಚಂದ್ರಬಿಂಬವನ್ನು ಹಿಡಿಯಹೋಗುವ ಮಗು, ಮರಿಯ ಮೇಲಿನ ಮಮತೆಯಿಂದ ತನ್ನ ಬಲವನ್ನೂ ಲೆಕ್ಕಿಸದೆ ಸಿಂಹಕ್ಕೆ ಎದುರಾಗುವ ಜಿಂಕೆ – ಇವು ದೃಷ್ಟಾಂತದ ಜಾತಿಯವು. ‘ಅಂತೆ’ ಎನ್ನದೆ, ಒಂದು ಮಾತಿನ ಪಕ್ಕದಲ್ಲಿ ಅದರ ಪ್ರತಿಬಿಂಬದಂಥ ಇನ್ನೊಂದು ಮಾತನ್ನು ನಿಲ್ಲಿಸುವುದು ದೃಷ್ಟಾಂತದ ರೀತಿ.

ಮುಂದೆ 16, 17, 18ನೆಯ ಪದ್ಯಗಳಲ್ಲಿ ದೀಪ, ಸೂರ್ಯ, ಚಂದ್ರ ಸಾಲಾಗಿ ಬರುತ್ತವೆ. ಮೇಲ್ನೋಟಕ್ಕೆ ಹಳೆಯ ಹೋಲಿಕೆಗಳೇ. ಆದರೆ ಈ ದೀಪಕ್ಕೆ ಹೊಗೆಯಿಲ್ಲ, ಬತ್ತಿಯಿಲ್ಲ, ಎಣ್ಣೆ ಬೇಡ, ಬೆಟ್ಟವನ್ನು ಅಲುಗಿಸುವ ಗಾಳಿಯೂ ಇದನ್ನು ಮುಟ್ಟದು. ಈ ಸೂರ್ಯನಿಗೆ ಅಸ್ತವಿಲ್ಲ, ರಾಹುವಿನ ಹಿಡಿತವಿಲ್ಲ, ಮೋಡದ ಮರೆಯಿಲ್ಲ. ಉಪಮೇಯವು ಉಪಮಾನಕ್ಕಿಂತ ಮಿಗಿಲು ಎಂದು ತೋರಿಸುವ ಇದು ವ್ಯತಿರೇಕ. ಜಿನಸ್ತುತಿಯಲ್ಲಿ ವ್ಯತಿರೇಕ ಇಷ್ಟು ಹೆಚ್ಚಾಗಿ ಬರುವುದಕ್ಕೆ ಕಾರಣವಿದೆ. ವೀತರಾಗನನ್ನು ಲೋಕದ ಯಾವ ವಸ್ತುವಿಗೆ ಹೋಲಿಸಿದರೂ ಆ ವಸ್ತುವಿನ ಕುಂದು ಜೊತೆಗೆ ಬರುತ್ತದೆ. ಕುಂದನ್ನು ಒಂದೊಂದಾಗಿ ಕಳೆಯುತ್ತ ಹೋಗಬೇಕು. ಸಂಸ್ಕೃತದಲ್ಲಿ ‘ಸ್ನೇಹ’ ಎಂದರೆ ಎಣ್ಣೆಯೂ ಹೌದು, ಅನುರಾಗವೂ ಹೌದು; ಸ್ತೋತ್ರದಲ್ಲಿರುವುದು ‘ತೈಲ’ ಎಂಬ ಪದವಾದರೂ ಎಣ್ಣೆಯಿಲ್ಲದೆ ಉರಿಯುವ ದೀಪ ಎಂದಾಗ ರಾಗವಿಲ್ಲದ ಜ್ಞಾನ ನೆನಪಾಗದಿರದು.

ಕೊನೆಯ, 48ನೆಯ ಪದ್ಯದಲ್ಲಿ ಶ್ಲೇಷೆಯಿದೆ. ಸ್ತೋತ್ರವನ್ನು ಕವಿ ಹೂಮಾಲೆ ಎನ್ನುತ್ತಾನೆ. ‘ಗುಣ’ದಿಂದ ಕಟ್ಟಿದ್ದು: ಮಾಲೆಗಾದರೆ ಗುಣ ಎಂದರೆ ದಾರ, ಸ್ತೋತ್ರಕ್ಕಾದರೆ ಜಿನಗುಣ. ‘ವರ್ಣ’ದಿಂದ ಚೆಲುವಾದದ್ದು: ಹೂವಿಗೆ ಬಣ್ಣ, ಸ್ತೋತ್ರಕ್ಕೆ ಅಕ್ಷರ. ಆ ಮಾಲೆಯನ್ನು ಧರಿಸಿದ ‘ಮಾನತುಂಗ’ನಿಗೆ ಲಕ್ಷ್ಮಿ ಒಲಿಯುತ್ತಾಳೆ: ಗೌರವದಿಂದ ಉನ್ನತನಾದವನಿಗೆ ಎಂದೂ ಆಯಿತು, ಕವಿಯ ಹೆಸರೂ ಬಂತು. ಶ್ಲೇಷೆಯನ್ನು ಇಡೀ ಕಾವ್ಯಕ್ಕೆ ಹಬ್ಬಿಸಿದವನು ಧನಂಜಯ. ವಿಷಾಪಹಾರ ಸ್ತೋತ್ರದ ಕರ್ತೃವೆಂದು ಮನೆಮನೆಗೆ ಪರಿಚಿತನಾದ ಈತನ ‘ದ್ವಿಸಂಧಾನ’ ಅದೇ ಪದ್ಯಗಳಲ್ಲಿ ರಾಮಕಥೆಯನ್ನೂ ಪಾಂಡವಕಥೆಯನ್ನೂ ಹೇಳುತ್ತದೆ.

ಅಕ್ಷರದ ಆಟ, ಸಾಲಿನ ಸಾಲ

ಸಮಂತಭದ್ರಾಚಾರ್ಯರ ‘ಸ್ತುತಿವಿದ್ಯೆ’ಯಲ್ಲಿ ಮುರಜಬಂಧ, ಚಕ್ರಬಂಧಗಳಂಥ ಚಿತ್ರಕಾವ್ಯವಿದೆ, ಅಕ್ಷರಗಳನ್ನು ಮದ್ದಳೆಯ ಅಥವಾ ಚಕ್ರದ ಆಕಾರದಲ್ಲಿ ಜೋಡಿಸಿ ಓದಬಹುದು. ಪೊನ್ನನ ‘ಜಿನಾಕ್ಷರಮಾಲೆ’ಯಲ್ಲಿ ಪದ್ಯಗಳು ವರ್ಣಮಾಲೆಯ ಕ್ರಮದಲ್ಲಿ ಆರಂಭವಾಗುತ್ತವೆ. ಇವನ್ನು ಕಸರತ್ತು ಎಂದು ಬದಿಗಿಡುವವರಿದ್ದಾರೆ. ಓಲೆಗರಿಗಳು ಎಲ್ಲರ ಕೈಗೆ ಎಟುಕದ ಕಾಲದಲ್ಲಿ ಪದ್ಯದ ಕ್ರಮ ತಪ್ಪದಂತೆ ನೆನಪಿಡಲು ಇಂಥ ಕಟ್ಟು ಎಷ್ಟು ನೆರವಾಗಿರಬಹುದೆಂದು ಬಾಯಿಪಾಠ ಮಾಡಿದವರಿಗೆ ಗೊತ್ತು.

ಇನ್ನೊಂದು ತಂತ್ರ ಸಮಸ್ಯಾಪೂರಣ: ಬೇರೆಯವರ ಸಾಲನ್ನು ತೆಗೆದುಕೊಂಡು ಅದಕ್ಕೆ ಹೊಂದುವಂತೆ ಉಳಿದ ಸಾಲು ಕಟ್ಟುವುದು. ಅಮೋಘವರ್ಷನ ಗುರು ಜಿನಸೇನಾಚಾರ್ಯರು ‘ಪಾರ್ಶ್ವಾಭ್ಯುದಯ’ದಲ್ಲಿ ಕಾಳಿದಾಸನ ‘ಮೇಘದೂತ’ದ ಸಾಲುಗಳನ್ನು ತಮ್ಮ ಪದ್ಯಗಳಲ್ಲಿ ಒಂದೊಂದಾಗಿ, ಎರಡೆರಡಾಗಿ ಸೇರಿಸಿಕೊಂಡಿದ್ದಾರೆ. ವೃತ್ತ ಅದೇ ಮಂದಾಕ್ರಾಂತ, 17 ಅಕ್ಷರ. ವಿರಹಿ ಯಕ್ಷನಿಗೆಂದು ಬರೆದ ಸಾಲುಗಳು ಇಲ್ಲಿ ಧ್ಯಾನಸ್ಥ ಪಾರ್ಶ್ವನಾಥರ ಮೇಲಿನ ಉಪಸರ್ಗದ ಕಥೆಯೊಳಗೆ ಬರುತ್ತವೆ. ಶೃಂಗಾರಕ್ಕೆಂದು ಹುಟ್ಟಿದ ಮಾತು ಶಾಂತರಸದ ಸೇವೆಗೆ ನಿಲ್ಲುತ್ತದೆ.

ದೊಡ್ಡಬೆಟ್ಟದ ಪದ್ಯ

ಚಂದ್ರಗಿರಿಯ ಎದುರಿನ ವಿಂಧ್ಯಗಿರಿಯಲ್ಲಿ, ಭಗವಾನ್ ಬಾಹುಬಲಿಯ ಸನ್ನಿಧಿಯಲ್ಲಿ, ಬೊಪ್ಪಣ ಪಂಡಿತ ರಚಿಸಿದ ಗೊಮ್ಮಟಸ್ತುತಿಯ ಶಾಸನವಿದೆ. ಕಾಲ ಸುಮಾರು 1180. ಬೆಟ್ಟದ ಮೇಲೆ ಅಕ್ಷರ ಬಿಡಿಸಿ ಓದುವುದು ಕಷ್ಟವೆನಿಸಿದವರಿಗೆ ಶ್ರವಣಬೆಳಗೊಳದ ಶಾಸನಗಳೆಲ್ಲ ‘ಎಪಿಗ್ರಾಫಿಯಾ ಕರ್ನಾಟಿಕ’ದ ಎರಡನೆಯ ಸಂಪುಟದಲ್ಲಿ ಸಿಗುತ್ತವೆ. ಅದರ ಪ್ರಸಿದ್ಧ ಪದ್ಯವೊಂದು ಮತ್ತೇಭವಿಕ್ರೀಡಿತದಲ್ಲಿದೆ. ಪ್ರಾಸಾಕ್ಷರ ತಕಾರ, ಹಿಂದೆ ಎಲ್ಲ ಕಡೆ ಹ್ರಸ್ವ. ಮಾತಿನ ಜೋಡಣೆ ಮೆಟ್ಟಿಲು ಹತ್ತಿದಂತೆ. ಮೂರ್ತಿ ಬಹಳ ಎತ್ತರವಾದರೆ ಅದರಲ್ಲಿ ಸೌಂದರ್ಯ ಇರಲಾರದು. ಎತ್ತರವೂ ಸೌಂದರ್ಯವೂ ಇದ್ದರೆ ಅತಿಶಯ, ಅಂದರೆ ದೈವೀ ಮಹಿಮೆ, ಇರಲಾರದು. ಇಲ್ಲಿ ಮೂರೂ ಬಂದು ನಿಂತಿವೆ. 58 ಅಡಿಯ ಏಕಶಿಲೆಯ ಮುಂದೆ ನಿಂತವರಿಗೆ ಇದು ಉತ್ಪ್ರೇಕ್ಷೆ ಎನಿಸುವುದಿಲ್ಲ.

ಹಾಗಾದರೆ ಅವನನ್ನು ಯಾವುದಕ್ಕೆ ಹೋಲಿಸುವುದು? ಕವಿ ಪದ್ಯವನ್ನು ‘ಆತ್ಮೋಪಮ’ ಎಂಬ ಪದದಿಂದ ಮುಗಿಸುತ್ತಾನೆ: ತನಗೆ ತಾನೇ ಉಪಮಾನ. ಅಲಂಕಾರಶಾಸ್ತ್ರದಲ್ಲಿ ಇದರ ಹೆಸರು ಅನನ್ವಯ. ಮೊದಲು ನೋಡಿದ ಚಿಕ್ಕಬೆಟ್ಟದ ಪದ್ಯದಲ್ಲಿ ಒಂದೇ ಉಪಮೇಯಕ್ಕೆ ಮೂರು ಉಪಮಾನ ಬೇಕಾಗಿದ್ದವು. ದೊಡ್ಡಬೆಟ್ಟದ ಈ ಪದ್ಯಕ್ಕೆ ಒಂದೂ ಸಿಗಲಿಲ್ಲ.